ವೈಫೈ ಬರ್ಲಿಲ್ಲ ಅಂತ ಲಿನಕ್ಸ್ ಬಿಡ್ಬೇಡಿ

ಮೂರನೇ ಸೆಮ್ ಶುರುವಾದ ವಾರ ನಮ್ಮ ಹಾಸ್ಟೆಲ್ ಫ್ಲೋರಿನಲ್ಲಿ ಐದು ಜನ ಲ್ಯಾಪ್‌ಟಾಪಿಗೆ ಉಬುಂಟು ಹಾಕಿದ್ವಿ. ತಿಂಗಳು ಮುಗಿಯೋ ಹೊತ್ತಿಗೆ ಉಳಿದಿದ್ದು ಇಬ್ಬರು. ಮಿಕ್ಕ ಮೂವರು ವಿಂಡೋಸ್‌ಗೆ ವಾಪಸ್. ಲಿನಕ್ಸ್ ಇಷ್ಟ ಆಗ್ಲಿಲ್ಲ ಅಂತಲ್ಲ, ವೈಫೈ ಬರ್ಲಿಲ್ಲ ಅಂತ. ಅವರಲ್ಲೊಬ್ಬ ಹೇಳಿದ ಮಾತು ಇನ್ನೂ ತಲೇಲಿದೆ: "ಇದೆಲ್ಲ ನಮ್ಮಂಥೋರಿಗಲ್ಲ ಮಗಾ, ಚಿಕ್ಕಂದಿನಿಂದ ಕಂಪ್ಯೂಟರ್ ಇದ್ದೋರಿಗೆ."

ಈ ಮಾತು ತಪ್ಪು ಅಂತ ಹೇಳೋಕೇ ಇದನ್ನು ಬರೀತಿದ್ದೀನಿ.

ಮೊದಲನೇದಾಗಿ, ವೈಫೈ ಬರದೇ ಇದ್ದದ್ದು ಅವನ ದಡ್ಡತನದಿಂದಲ್ಲ. ಲಿನಕ್ಸ್‌ನಲ್ಲಿ ಹೆಚ್ಚಿನ ಡ್ರೈವರ್‌ಗಳು ಕರ್ನಲ್ ಜೊತೆಗೇ ಬರುತ್ತವೆ. ಚಿಪ್ ಹೊಸದಾಗಿದ್ದು ಕರ್ನಲ್ ಹಳೇದಾಗಿದ್ರೆ, ಕರ್ನಲ್‌ಗೆ ಆ ಚಿಪ್ಪಿನ ಪರಿಚಯವೇ ಇರಲ್ಲ. ಉದಾಹರಣೆಗೆ, ರಿಯಲ್‌ಟೆಕ್‌ನ 8821ಸಿಇ ಚಿಪ್ಪಿಗೆ ಡ್ರೈವರ್ ಕರ್ನಲ್ ಒಳಗೆ ಬಂದದ್ದು 2020ರ 5.9 ಆವೃತ್ತಿಯಲ್ಲಿ. ಅದಕ್ಕಿಂತ ಹಳೇ ಕರ್ನಲ್ ಇಟ್ಕೊಂಡು ಎಷ್ಟು ಸಲ ರೀಇನ್‌ಸ್ಟಾಲ್ ಮಾಡಿದ್ರೂ ಪ್ರಯೋಜನ ಇಲ್ಲ. ಇನ್ನು ಕೆಲವು ಚಿಪ್‌ಗಳ ಡ್ರೈವರನ್ನು ಬೇರೆಯಾಗಿ ಡೌನ್‌ಲೋಡ್ ಮಾಡ್ಬೇಕು. ಇಂಟರ್ನೆಟ್ ಇಲ್ಲ ಅಂತ ಒದ್ದಾಡ್ತಿರೋನಿಗೆ ಡೌನ್‌ಲೋಡ್ ಮಾಡು ಅಂದ್ರೆ ಹೇಗೆ? ಇದಕ್ಕೆ ಉಪಾಯ ನಮ್ಮ ಜೇಬಲ್ಲೇ ಇದೆ. ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದ್ರೆ ಸಾಕು. ನಮ್ಮ ಐದು ಜನರಲ್ಲಿ ಯಾರಿಗೂ ಇದು ಗೊತ್ತಿರ್ಲಿಲ್ಲ.

ಎರಡನೇದು, ನಮ್ಮ ತಪ್ಪೂ ಇದೆ. ಚಿಪ್ ಯಾವುದು ಅಂತ ನೋಡದೇ, ಯಾರಿಗೋ ಕೆಲಸ ಮಾಡಿದ ಕಮಾಂಡನ್ನು ನಾವು ಕಾಪಿ ಹೊಡೀತೀವಿ. ಜ್ವರಕ್ಕೆ ಪಕ್ಕದ ಮನೆಯವರ ಮಾತ್ರೆ ನುಂಗಿದ ಹಾಗೆ! ಎಲ್‌ಎಸ್‌ಪಿಸಿಐ ಕಮಾಂಡನ್ನು ಎನ್‌ಎನ್‌ಕೆ ಆಪ್ಷನ್ ಜೊತೆ ಓಡಿಸಿದ್ರೆ ಚಿಪ್ಪಿನ ಹೆಸರು, ಐಡಿ, ಈಗ ಯಾವ ಡ್ರೈವರ್ ಓಡ್ತಿದೆ ಅನ್ನೋದು ಮೂರೂ ಸಿಗುತ್ತೆ. ಐಡಿ 8086ರಿಂದ ಶುರುವಾದ್ರೆ ಇಂಟೆಲ್, 10ಇಸಿ ಆದ್ರೆ ರಿಯಲ್‌ಟೆಕ್, 14ಇ4 ಆದ್ರೆ ಬ್ರಾಡ್‌ಕಾಮ್. ಹುಡುಕಾಟ ಇಲ್ಲಿಂದ ಶುರುವಾಗ್ಬೇಕು.

ನಾನೇನೂ ಬುದ್ಧಿವಂತ ಅಲ್ಲ. ನನ್ನ ಡ್ರೈವರ್ ಸರಿಯಾಗೇ ಇನ್‌ಸ್ಟಾಲ್ ಆಗಿತ್ತು, ಆದ್ರೂ ಎರಡು ದಿನ ವೈಫೈ ಬರ್ಲಿಲ್ಲ. ಕಾರಣ ಸೆಕ್ಯೂರ್ ಬೂಟ್. ಅದು ಆನ್ ಇದ್ದಾಗ, ನಂಬಿಕಸ್ತ ಕೀಲಿಯಿಂದ ಸಹಿ ಆಗದ ಡ್ರೈವರನ್ನು ಕರ್ನಲ್ ಒಳಗೆ ಬಿಡಲ್ಲ. ಇನ್‌ಸ್ಟಾಲ್ ಆಗೋವಾಗ ಒಂದು ಪಾಸ್‌ವರ್ಡ್ ಕೇಳಿತ್ತು, ಹಾಕಿದ್ದೆ. ರೀಬೂಟ್ ಆದಾಗ ನೀಲಿ ಸ್ಕ್ರೀನ್ ಬಂತು. ಹೆದರಿಕೊಂಡು 'ಕಂಟಿನ್ಯೂ' ಒತ್ತಿಬಿಟ್ಟೆ. ಅಲ್ಲಿ 'ಎನ್‌ರೋಲ್ ಎಂಒಕೆ' ಆರಿಸಿ ಅದೇ ಪಾಸ್‌ವರ್ಡ್ ಕೊಡ್ಬೇಕಿತ್ತು, ಅಷ್ಟೇ!

"ಸೆಕ್ಯೂರ್ ಬೂಟ್ ಆಫ್ ಮಾಡು, ಕೆಲಸ ಆಗುತ್ತೆ" ಅಂತಾರೆ ಸೀನಿಯರ್‌ಗಳು. ಆಗುತ್ತೆ, ನಿಜ. ಆದ್ರೆ ಪಕ್ಕದಲ್ಲಿ ವಿಂಡೋಸ್ ಇದ್ದು ಅದರಲ್ಲಿ ಬಿಟ್‌ಲಾಕರ್ ಆನ್ ಇದ್ರೆ, ಮುಂದಿನ ಸಲ ಅದು ರಿಕವರಿ ಕೀ ಕೇಳಬಹುದು. ಆ ಕೀ ಎಲ್ಲಿದೆ ಅಂತ ಗೊತ್ತಿಲ್ಲದಿದ್ರೆ ಪ್ರಾಜೆಕ್ಟ್, ಫೋಟೋ ಎಲ್ಲ ಒಳಗೇ ಉಳಿಯುತ್ತೆ. ಕಾರಣ ಹೇಳದ ಪರಿಹಾರ ಅರ್ಧ ಪರಿಹಾರ.

ಕರ್ನಲ್, ಮಾಡ್ಯೂಲ್, ಫರ್ಮ್‌ವೇರ್ ಅಂತ ಪರೀಕ್ಷೆಗೆ ಬಾಯಿಪಾಠ ಮಾಡ್ತೀವಲ್ಲ, ಅದೆಲ್ಲ ನನಗೆ ಅರ್ಥ ಆಗಿದ್ದು ಆ ಎರಡು ದಿನದಲ್ಲಿ. ಹಾಗಂತ ಎಲ್ಲರೂ ಒಬ್ಬೊಬ್ಬರೇ ಎರಡೆರಡು ದಿನ ಕಳೀಬೇಕಾ? ಬೇಡ. ನಿಮ್ಮ ಲ್ಯಾಪ್‌ಟಾಪ್ ಮಾಡೆಲ್, ಚಿಪ್ ಐಡಿ, ಯಾವುದು ಕೆಲಸ ಮಾಡ್ತು, ಯಾಕೆ ಮಾಡ್ತು ಅಂತ ನಾಲ್ಕು ಸಾಲು ಕನ್ನಡದಲ್ಲಿ ಬರೆದು ನಮ್ಮ ಕ್ಲಬ್ಬಿಗೆ ಕಳಿಸಿ. ಮುಂದಿನ ಬ್ಯಾಚಿನವರ ಕೈಗೆ ಮೊದಲ ವಾರವೇ ಆ ಪಟ್ಟಿ ಸಿಗಲಿ.

ನನ್ನ ಗೆಳೆಯನ ಲ್ಯಾಪ್‌ಟಾಪನ್ನು ಈ ಭಾನುವಾರ ಮತ್ತೆ ತೆಗೀತಿದ್ದೀವಿ. ಕೀಬೋರ್ಡ್ ಅವನ ಕೈಯಲ್ಲೇ ಇರುತ್ತೆ, ನಾನು ಪಕ್ಕದಲ್ಲಿ ಕೂತಿರ್ತೀನಿ.