ಅವ್ವನ ಬೀಸುವ ಪದಕ್ಕೆ ಯಾರ ಅಪ್ಪಣೆ ಬೇಕು?



ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಬಂದಿದ್ದ ತಮ್ಮನ ಮಗನು ನನ್ನ ಕ್ಯಾಸೆಟ್ಟುಗಳ ಟ್ರಂಕನ್ನು ಕಂಡು ನಕ್ಕು, "ಕಾಕಾ, ಈಗ ಯಾರ್ರೀ ಹಾಡು ಮನ್ಯಾಗ ಇಟ್ಕೊಂಡು ಕೂಡ್ತಾರ? ತಿಂಗಳಿಗಿಷ್ಟಂತ ರೊಕ್ಕ ಕಟ್ರಿ, ಜಗತ್ತಿನ ಹಾಡೆಲ್ಲ ಬರ್ತಾವ" ಎಂದನು. ಆ ವಾರದಲ್ಲೇ ಜೇವರ್ಗಿಯ ಹಳೆಯ ಶಿಷ್ಯನೊಬ್ಬನು ದೂರವಾಣಿ ಮಾಡಿ, "ಸರ್, ಮನ್ಯಾಗಿನ ಸ್ಟೀರಿಯೋಕ್ಕ ನೆಟ್‌ವರ್ಕ್ ಪ್ಲೇಯರ್ ತಗೋಬೇಕಂತ ಮಾಡೀನ್ರಿ, ಯಾವುದು ಛಲೋ?" ಎಂದು ಕೇಳಿದನು. ಇಬ್ಬರಿಗೂ ನನ್ನ ಉತ್ತರ ಒಂದೇ. ಅದನ್ನು ಇಲ್ಲಿ ತುಸು ಕಟುವಾಗಿಯೇ ಬರೆಯುತ್ತಿದ್ದೇನೆ.

ಮೊದಲು ವಸ್ತುವಿನ ಪರಿಚಯ. ನೆಟ್‌ವರ್ಕ್ ಪ್ಲೇಯರ್ ಎಂಬುದು ಅಂಗೈಯಗಲದಿಂದ ಹಿಡಿದು ಹಳೆಯ ಟೇಪ್‌ರೆಕಾರ್ಡರಿನಷ್ಟು ದೊಡ್ಡದಿರಬಹುದಾದ ಒಂದು ಪೆಟ್ಟಿಗೆ. ಮನೆಯ ರೌಟರಿನ ಮೂಲಕ ಅದು ಹಾಡನ್ನು ತರಿಸಿಕೊಂಡು, ಅಂಕಿಗಳ ರೂಪದಲ್ಲಿರುವುದನ್ನು ನಾದವಾಗಿಸಿ ನಮ್ಮ ಹಳೆಯ ಆಂಪ್ಲಿಫೈಯರಿಗೆ ಒಪ್ಪಿಸುತ್ತದೆ. ಆ ಹಾಡು ದೂರದ ಕಂಪನಿಯ ಉಗ್ರಾಣದಿಂದ ಬರಬಹುದು, ನಮ್ಮದೇ ಮನೆಯ ಹಾರ್ಡ್ ಡಿಸ್ಕಿನಿಂದಲೂ ಬರಬಹುದು. ಜಗಳವಿರುವುದು ಇಲ್ಲಿಯೇ.

ನನ್ನ ಟ್ರಂಕಿನಲ್ಲಿ ಸುಮಾರು ನೂರು ಕ್ಯಾಸೆಟ್ಟುಗಳಿವೆ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳಲ್ಲಿ ಮೇಷ್ಟರಾಗಿ ಅಲೆದ ಕಾಲದಲ್ಲಿ ತುಂಬಿಕೊಂಡವು. ಅಂದು ಜೇವರ್ಗಿ ತಾಲ್ಲೂಕಿನಲ್ಲಿದ್ದು ಇಂದು ಯಡ್ರಾಮಿಗೆ ಸೇರಿರುವ ಕಡಕೋಳದ ಮಡಿವಾಳಪ್ಪನವರ ತತ್ವಪದಗಳು ಅವುಗಳಲ್ಲಿವೆ; ಆ ಗುರುವಿನ ಶಿಷ್ಯರಾದ ಚೆನ್ನೂರ ಜಲಾಲಸಾಹೇಬರ ಪದಗಳೂ ಇವೆ. ಹಾಡಿದವರು ಹೊಲದಲ್ಲಿ ದುಡಿದು ಬಂದು, ರಾತ್ರಿ ಏಕತಾರಿ ಹಿಡಿದು ಕುಳಿತವರು. ಅವರಲ್ಲಿ ಹಲವರು ಇಂದಿಲ್ಲ. ಒಂದು ಕ್ಯಾಸೆಟ್ಟಿನಲ್ಲಿ ನನ್ನ ಅವ್ವನ ಬೀಸುವ ಪದವಿದೆ. ಆಳಂದದ ಬಾಡಿಗೆ ಮನೆಯಲ್ಲಿ, 1984ರ ಒಂದು ನಸುಕಿನಲ್ಲಿ, ಅವಳಿಗೆ ತಿಳಿಯದಂತೆ ಧ್ವನಿಮುದ್ರಿಸಿದ್ದು. ಜೋಳ ಬೀಸುವ ಕಲ್ಲಿನ ಗರಗರ ಸದ್ದಿನ ಮೇಲೆ ಅವಳ ದನಿ ತೇಲುತ್ತದೆ. "ಜಗತ್ತಿನ ಹಾಡೆಲ್ಲ" ಎಂದನಲ್ಲ ಹುಡುಗ, ಈ ಹಾಡು ಆ ಜಗತ್ತಿನಲ್ಲಿಲ್ಲ.

ನಾನು ಮೊದಲು ಕೊಂಡ ಪೆಟ್ಟಿಗೆಯು ಕಂಪನಿಯ ಖಾತೆ ತೆರೆಯದ ಹೊರತು ಉಸಿರೆತ್ತಲಿಲ್ಲ. ಮಳೆಗಾಲದಲ್ಲಿ ಎರಡು ದಿನ ಇಂಟರ್ನೆಟ್ ಹೋದಾಗ, ಪಕ್ಕದ ಕೋಣೆಯ ಡಿಸ್ಕಿನಲ್ಲಿದ್ದ ಅವ್ವನ ಹಾಡನ್ನೂ ಅದು ನುಡಿಸಲೊಲ್ಲೆನೆಂದಿತು. ನನ್ನ ಮನೆಯಲ್ಲಿ ನನ್ನ ತಾಯಿಯ ದನಿ ಕೇಳಲು ಕಾಣದೂರಿನ ಯಾರದೋ ಅಪ್ಪಣೆ ಬೇಕೆ?

ಇದು ಮುದುಕನ ಸಿಡಿಮಿಡಿಯೆಂದು ತಳ್ಳಿಹಾಕಬೇಡಿ. ಗೂಗಲ್ ಪ್ಲೇ ಮ್ಯೂಸಿಕ್ ತನ್ನ ಗ್ರಾಹಕರಿಗೆ 50,000 ಸ್ವಂತ ಹಾಡುಗಳನ್ನು ಇಟ್ಟುಕೊಳ್ಳಲು ಜಾಗ ಕೊಟ್ಟಿತ್ತು. 2020ರಲ್ಲಿ ಅದು ಬಾಗಿಲು ಹಾಕಿತು. ಯೂಟ್ಯೂಬ್ ಮ್ಯೂಸಿಕ್‌ಗೆ ಸಾಗಿಸಿಕೊಳ್ಳಲು ಅವಕಾಶವಿತ್ತೆಂಬುದು ನಿಜ. ಆದರೆ ಸಾಗಿಸದೆ ಉಳಿದದ್ದು 2021ರ ಫೆಬ್ರವರಿಯಲ್ಲಿ ಅಳಿಸಿಹೋಯಿತು. ಇದಕ್ಕೆ ಪ್ರತಿಯಾಗಿ ಇನ್ನೊಂದು ಕಥೆ ಕೇಳಿ. ಸ್ಕ್ವೀಜ್‌ಬಾಕ್ಸ್ ಎಂಬ ಪ್ಲೇಯರುಗಳ ತಯಾರಿಕೆಯನ್ನು ಲಾಜಿಟೆಕ್ ಕಂಪನಿಯು 2012ರಲ್ಲಿ ಕೈಬಿಟ್ಟಿತು, 2024ರಲ್ಲಿ ಅವುಗಳ ಅಂತರಜಾಲ ಸೇವೆಯನ್ನೂ ನಿಲ್ಲಿಸಿತು. ಆದರೂ ಆ ಪೆಟ್ಟಿಗೆಗಳು ಇಂದಿಗೂ ಹಾಡುತ್ತಿವೆ! ಕಾರಣವೇನು? ಮನೆಯ ಕಂಪ್ಯೂಟರಿನಿಂದ ಅವುಗಳಿಗೆ ಹಾಡು ಬಡಿಸುವ ತಂತ್ರಾಂಶವು ಮುಕ್ತವಾಗಿತ್ತು. ಬಳಕೆದಾರರೇ ಅದನ್ನು ಲಿರಿಯನ್ ಮ್ಯೂಸಿಕ್ ಸರ್ವರ್ ಎಂಬ ಹೆಸರಿನಲ್ಲಿ ಸಾಕಿಕೊಂಡು ಬರುತ್ತಿದ್ದಾರೆ. ಬಾವಿ ನಮ್ಮ ಹಿತ್ತಲಲ್ಲಿದ್ದರೆ ನಲ್ಲಿ ನಿಂತರೂ ನೀರಡಿಸಿ ಸಾಯುವುದಿಲ್ಲ.

ಚಂದಾ ಕಟ್ಟುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಮಲ್ಲಿಕಾರ್ಜುನ ಮನಸೂರರನ್ನೂ ಬಸವರಾಜ ರಾಜಗುರುಗಳನ್ನೂ ಬೇಕೆಂದಾಗ ಕೇಳುವ ಭಾಗ್ಯ ನಮ್ಮ ತಂದೆಯವರಿಗಿರಲಿಲ್ಲ. ಅದನ್ನು ಅತಿಥಿಯಾಗಿ ಬರಮಾಡಿಕೊಳ್ಳಿ. ಮನೆಯ ಬೀಗದಕೈ ಮಾತ್ರ ಕೊಡಬೇಡಿ.

ಇನ್ನು 24 ಬಿಟ್, 192 ಕಿಲೋಹರ್ಟ್ಸ್ ಎಂದು ಅಂಗಡಿಯವನು ಜಪಿಸುವ ಮಂತ್ರ. ಸಿ.ಡಿ.ಯ ಮಟ್ಟವು 16 ಬಿಟ್, 44.1 ಕಿಲೋಹರ್ಟ್ಸ್. ನಮ್ಮ ಕ್ಯಾಸೆಟ್ಟುಗಳಿಗೆ ಅಷ್ಟು ಧಾರಾಳವಾಗಿ ಸಾಕು. ಲೆಕ್ಕ ಮಾಡಿ: ಆ ಮಟ್ಟದಲ್ಲಿ ಒಂದು ನಿಮಿಷಕ್ಕೆ ಸುಮಾರು 10 ಎಂ.ಬಿ., ಒಂದು ಗಂಟೆಯ ಕ್ಯಾಸೆಟ್ಟಿಗೆ 600. ಧ್ವನಿಯ ಒಂದು ಕಣವೂ ನಷ್ಟವಾಗದಂತೆ ಫ್ಲಾಕ್ ಎಂಬ ಮುಕ್ತ ರೂಪದಲ್ಲಿ ಒತ್ತಿಟ್ಟರೆ ಹೆಚ್ಚುಕಡಿಮೆ 400. ನೂರು ಕ್ಯಾಸೆಟ್ಟುಗಳಿಗೆ 40 ಜಿ.ಬಿ. ಬೆರಳುದ್ದದ ಪೆನ್‌ಡ್ರೈವಿನಲ್ಲಿ ಇಡೀ ಟ್ರಂಕು ಅಡಗುತ್ತದೆ! ಆ ಮಂತ್ರಕ್ಕೆ ಸುರಿಯುವ ಹಣವನ್ನು ಒಳ್ಳೆಯ ಸ್ಪೀಕರಿಗೂ, ಮತ್ತೊಬ್ಬರ ಮನೆಯಲ್ಲಿಡುವ ಇನ್ನೊಂದು ಪ್ರತಿಗೂ ವೆಚ್ಚ ಮಾಡಿ.

ಆದ್ದರಿಂದ ಶಿಷ್ಯನಿಗೆ ನಾನು ಯಾವ ಕಂಪನಿಯ ಹೆಸರನ್ನೂ ಹೇಳಲಿಲ್ಲ, ನಾಲ್ಕು ಪರೀಕ್ಷೆಗಳನ್ನು ಹೇಳಿದೆ. ಒಂದು, ರೌಟರಿಗೆ ಹೊರಗಿನಿಂದ ಬರುವ ಇಂಟರ್ನೆಟ್ ತಂತಿಯನ್ನು ಕಿತ್ತಮೇಲೂ ಮನೆಯ ಡಿಸ್ಕಿನ ಹಾಡನ್ನು ನುಡಿಸುವುದೇ? ಎರಡು, ಡಿ.ಎಲ್.ಎನ್.ಎ.ಯಂತಹ, ಎಲ್ಲ ಕಂಪನಿಗಳಿಗೂ ಸಾಮಾನ್ಯವಾದ ಪದ್ಧತಿಯನ್ನು ಬಲ್ಲುದೇ? ಮೂರು, ಹಾಡಿನ ಹೆಸರನ್ನು ಕನ್ನಡದಲ್ಲಿ, ಒತ್ತಕ್ಷರ ಕೆಡದಂತೆ ತೋರಿಸುವುದೇ? ನಾಲ್ಕು, ಕರೆಂಟು ಹೋಗಿ ಬಂದಮೇಲೆ ತಾನೇ ಎದ್ದು ಕೂರುವುದೇ? ನಮ್ಮ ಕಡೆಯ ಬೇಸಿಗೆಯನ್ನು ಬಲ್ಲವರಿಗೆ ಈ ಕೊನೆಯ ಪ್ರಶ್ನೆಯನ್ನು ವಿವರಿಸಬೇಕಿಲ್ಲ. ಕೈಕೆಲಸ ಬಲ್ಲವರು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಧ್ವನಿಯ ಫಲಕವೊಂದನ್ನು ಜೋಡಿಸಿ, ಪೈಕೋರ್‌ಪ್ಲೇಯರ್ ಎಂಬ ಉಚಿತ ತಂತ್ರಾಂಶ ಹಾಕಿ ತಾವೇ ಪ್ಲೇಯರ್ ಮಾಡಿಕೊಳ್ಳಬಹುದು. ಅದು ಸ್ಮರಣಕೋಶದಲ್ಲೇ ಓಡುವುದರಿಂದ ಫಕ್ಕನೆ ಕರೆಂಟು ಹೋದರೂ ಕಾರ್ಡು ಕೆಡುವ ಭಯ ಕಡಿಮೆ. ನನ್ನ ಮನೆಯಲ್ಲಿ ಈಗಿರುವುದು ಅದೇ.

ಮೊನ್ನೆ ತಮ್ಮನ ಮಗ ಮತ್ತೆ ಬಂದಿದ್ದನು. ವಾದಿಸಲಿಲ್ಲ, ಇಂಟರ್ನೆಟ್ ತಂತಿ ಕಿತ್ತು ಕೈಗೆ ಕೊಟ್ಟು, ಅವ್ವನ ಪದ ಹಚ್ಚಿದೆ. ತನ್ನ ಅಜ್ಜಿಯನ್ನು ಅವನು ಕಂಡವನಲ್ಲ. ಬೀಸುವ ಕಲ್ಲಿನ ಸದ್ದು ನಿಲ್ಲುವವರೆಗೂ ಮಾತಾಡದೆ ಕೂತಿದ್ದು, ಆಮೇಲೆ ಮೆಲ್ಲಗೆ, "ಕಾಕಾ, ಇದರದೊಂದು ಕಾಪಿ ಕೊಡ್ರಿ" ಎಂದನು.