ಡಿಜೆ ಎಂದರೆ ಪೆಟ್ಟಿಗೆಯೋ, ಮನುಷ್ಯನೋ?

ಭೂತನಾಳದಿಂದ ವಿಜಯಪುರದವರೆಗೆ ಯಾರನ್ನೇ ಕೇಳಿ, 'ಡಿಜೆ' ಎಂದರೆ ಟ್ರ್ಯಾಕ್ಟರಿನ ಮೇಲೆ ಪೇರಿಸಿದ ಸ್ಪೀಕರ್ ಪೆಟ್ಟಿಗೆಗಳೆಂಬ ಉತ್ತರವೇ ಬರುತ್ತದೆ. ಮದುವೆಯಿರಲಿ, ಗಣೇಶ ವಿಸರ್ಜನೆಯಿರಲಿ, ಈದ್ ಮೀಲಾದ್ ಮೆರವಣಿಗೆಯಿರಲಿ, 'ಡಿಜೆ ಹಚ್ಯಾರ' ಎನ್ನುತ್ತೇವೆ. ಪೆಟ್ಟಿಗೆಗಳ ಹಿಂದೆ ಕುಳಿತ ಹುಡುಗನ ಹೆಸರನ್ನು ಯಾರೂ ಕೇಳುವುದಿಲ್ಲ.

ಡಿಜೆ ಎಂಬುದು ಮೂಲತಃ ಮನುಷ್ಯನೊಬ್ಬನ ಕಸುಬಿನ ಹೆಸರು. ಅಮೆರಿಕದ ಶಿಕಾಗೋದಲ್ಲಿ 'ಹೌಸ್' ಸಂಗೀತವನ್ನು ರೂಪಿಸಿದ ಫ್ರಾಂಕಿ ನಕಲ್ಸ್ ಅವರನ್ನು ನೋಡಿ. 1955ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಈ ಕಪ್ಪು ಜನಾಂಗದ ಕಲಾವಿದ 1977ರಲ್ಲಿ ಶಿಕಾಗೋದ 'ವೇರ್‌ಹೌಸ್' ಕ್ಲಬ್ಬಿಗೆ ಬಂದರು. 'ಹೌಸ್' ಎಂಬ ಹೆಸರು ಹುಟ್ಟಿದ್ದು ಅಲ್ಲಿಂದಲೇ. ಅಲ್ಲಿ ಮದ್ಯ ಮಾರುತ್ತಿರಲಿಲ್ಲ, ಹಣ್ಣಿನ ರಸ ಕೊಡುತ್ತಿದ್ದರು. ಬರುತ್ತಿದ್ದವರು ಬಹುಪಾಲು ಸಮಾಜ ಹೊರಗಿಟ್ಟವರು. 1979ರಲ್ಲಿ ಅದೇ ನಗರದ ಮೈದಾನವೊಂದರಲ್ಲಿ ಡಿಸ್ಕೋ ರೆಕಾರ್ಡುಗಳನ್ನು ರಾಶಿ ಹಾಕಿ ಸ್ಫೋಟಿಸಲಾಯಿತು. ನಕಲ್ಸ್ ಆ ಹಾಡುಗಳ ಟೇಪುಗಳನ್ನೇ ಕತ್ತರಿಸಿ, ಜೋಡಿಸಿ, ಯಂತ್ರದ ತಾಳ ಬೆರೆಸಿ ಹೊಸ ಸಂಗೀತ ಕಟ್ಟಿದರು. 1998ರಲ್ಲಿ ರೀಮಿಕ್ಸ್ ಕಲಾವಿದರಿಗೆಂದು ಗ್ರ್ಯಾಮಿ ಪ್ರಶಸ್ತಿಯನ್ನು ಮೊದಲ ಬಾರಿ ಕೊಟ್ಟಾಗ ಅದು ಅವರಿಗೇ ಸಂದಿತು. 2014ರಲ್ಲಿ ತೀರಿಕೊಂಡ ಅವರ ಹಿರಿಮೆ ಇದ್ದದ್ದು ಸದ್ದಿನಲ್ಲಲ್ಲ, ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಎಂಬ ವಿವೇಕದಲ್ಲಿ. ನಮ್ಮ ಮೆರವಣಿಗೆಗಳು ಏರುವುದನ್ನಷ್ಟೇ ಕಲಿತಿವೆ.

ಸಂಗೀತವೇ ನಮಗೆ ಹೊರಗಿನದು ಎನ್ನುವವರಿಗೆ ವಿಜಯಪುರವೇ ಉತ್ತರ. 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹ 'ಕಿತಾಬ್-ಎ-ನವರಸ್' ಎಂಬ ಹಾಡುಗಳ ಕೃತಿ ಬರೆದ. ಅದರಲ್ಲಿ ಸರಸ್ವತಿಯ ಸ್ಮರಣೆಯೂ ಇದೆ, ಗುಲಬರ್ಗಾದ ಬಂದೇ ನವಾಜರ ಸ್ಮರಣೆಯೂ ಇದೆ. ತನ್ನ ತಂಬೂರಿಗೆ ಆತ 'ಮೋತಿ ಖಾನ್' ಎಂದು ಹೆಸರಿಟ್ಟಿದ್ದ. ಸುಲ್ತಾನ ವಾದ್ಯವನ್ನು ಮನುಷ್ಯನಂತೆ ಕಂಡ. ನಾವು ಮನುಷ್ಯನನ್ನು ಪೆಟ್ಟಿಗೆಯಾಗಿಸಿದ್ದೇವೆ!

ಸಂಗೀತದ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯಗಳಿವೆ. ಆದರೆ ನೆರೆಯವರಿಗೆ ಹಿಂಸೆ ಕೊಡಬಾರದೆಂಬುದರಲ್ಲಿ ಭಿನ್ನಾಭಿಪ್ರಾಯವಿದೆಯೇ? ದನಿ ತಗ್ಗಿಸೆಂದು ಲುಕ್ಮಾನರು ಮಗನಿಗೆ ಮಾಡಿದ ಬೋಧೆ ಕುರ್‌ಆನ್‌ನಲ್ಲೇ ಇದೆ. ದೇಶದ ಕಾನೂನೂ ಅದನ್ನೇ ಹೇಳುತ್ತದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬಲ್ ಮಿತಿ. ಹೃದ್ರೋಗಿಯ ಎದೆಗೂ ಎಳೆಗೂಸಿನ ಕಿವಿಗೂ ಯಾವ ಧರ್ಮದ ಪೆಟ್ಟಿಗೆಯಾದರೇನು?

'ಮೊದಲು ಅವರು ನಿಲ್ಲಿಸಲಿ' ಎಂಬುದು ಎರಡೂ ಕಡೆಯ ನೆಪ. ಈ ನೆಪ ಇರುವಷ್ಟು ದಿನ ಸದ್ದು ಬೆಳೆಯುತ್ತದೆ, ಜಗಳವೂ ಬೆಳೆಯುತ್ತದೆ. ಮೊದಲು ನಾವೇ ನಿಲ್ಲಿಸೋಣ. ಲೋಕಕ್ಕೆ ಕರುಣೆಯಾಗಿ ಬಂದ ಪ್ರವಾದಿಯವರ (ಸ) ಹೆಸರಿನ ಮೆರವಣಿಗೆಯಲ್ಲಿ ರೋಗಿಗಳು ನಡುಗುವಂತಾಗಬಾರದು.

ಹಾಗೆಂದು ಆ ಹುಡುಗನ ಅನ್ನ ಕಸಿಯಿರೆಂದು ನಾವು ಹೇಳುತ್ತಿಲ್ಲ. ಎಲ್ಲರಿಗಿಂತ ಮೊದಲು ಕಿವಿ ಕಳೆದುಕೊಳ್ಳುವವನು ಅವನೇ. ಬಾಡಿಗೆ ಪೆಟ್ಟಿಗೆಗೆಂದು ಎತ್ತುವ ಚಂದಾದಲ್ಲಿ ಒಂದು ಪಾಲು ತೆಗೆದು ಊರಿನ ಯುವಕ ಸಂಘಗಳು ಒಂದು ಕೋಣೆ, ಒಂದು ಕಂಪ್ಯೂಟರು, ಕಲಿಸುವ ಒಬ್ಬರನ್ನು ಒದಗಿಸಲಿ. ಧ್ವನಿಮುದ್ರಣ, ಸಂಕಲನ, ರಾಗ-ತಾಳ ಕಲಿತರೆ ಅವನು ತನ್ನದೇ ಸಂಗೀತ ಕಟ್ಟಿಯಾನು. ಅಂದು ಜನ ಅವನ ಹೆಸರು ಕೇಳುತ್ತಾರೆ.