ಸ್ಕಿಲ್ ಇದೆ ಗುರು, ಆದ್ರೆ ಅದು ನಮ್ದಲ್ಲ!

1/5
ರೇಸ್ ಬಗ್ಗೆ ಮಾತೆತ್ತಿದ್ರೆ ಸಾಕು, ಕ್ಲಾಸಲ್ಲಿ ಒಂದೇ ಡೈಲಾಗ್: "ಇದು ಜೂಜಲ್ಲ ಗುರು, ಸ್ಕಿಲ್. ಸುಪ್ರೀಂ ಕೋರ್ಟೇ ಹೇಳಿದೆ." ಹೌದು, 1996ರಲ್ಲಿ ಹೇಳಿದೆ. ಕುದುರೆಯ ತಳಿ, ಹಿಂದಿನ ಓಟಗಳು, ಜಾಕಿ, ಎಲ್ಲಾ ಅಳೆದು ಬಾಜಿ ಕಟ್ಟೋದು ಕೌಶಲ ಅಂತ. ಒಪ್ಪಿದೆ. ನನ್ನ ಪ್ರಶ್ನೆ ಬೇರೆ: ಯಾರ ಕೌಶಲ?

2/5
ಮೊದಲು ಟೋಟ್ ಅಂದ್ರೇನು ನೋಡಿ. ಎಲ್ಲರ ಬಾಜಿ ಹಣ ಒಂದೇ ರಾಶಿಗೆ ಬೀಳುತ್ತೆ. ಕ್ಲಬ್ಬು, ಸರ್ಕಾರ ತಮ್ಮ ಪಾಲು ಮೊದಲೇ ಎತ್ಕೋತಾರೆ. ಉಳಿದಿದ್ದನ್ನ ಗೆದ್ದವರು ಹಂಚ್ಕೋಬೇಕು. ಅಂದ್ರೆ ನೀವು ಆಡೋದು ಕ್ಲಬ್ಬಿನ ವಿರುದ್ಧ ಅಲ್ಲ, ಪಕ್ಕದಲ್ಲಿ ಬಾಜಿ ಕಟ್ಟಿದವನ ವಿರುದ್ಧ. 1913ರಲ್ಲಿ ಆಕ್ಲೆಂಡಿನಲ್ಲಿ ಜಾರ್ಜ್ ಜೂಲಿಯಸ್ ಅವರ ಟೋಟ್ ಯಂತ್ರ ಬಂದಾಗ, ಯಾವ ಕುದುರೆ ಮೇಲೆ ಎಷ್ಟು ಬಿದ್ದಿದೆ ಅಂತ ಎಲ್ಲರ ಕಣ್ಣೆದುರೇ ಲೆಕ್ಕ ಇಡೋದು ಅದರ ಕೆಲಸವಾಗಿತ್ತು.

3/5
ಈಗ ಆ ಪಕ್ಕದವನು ಯಾರು? ಕಂಪ್ಯೂಟರ್! 1980ರ ದಶಕದಲ್ಲೇ ಬಿಲ್ ಬೆಂಟರ್ ಹಾಂಗ್‌ಕಾಂಗಿಗೆ ಹೋಗಿ, ಪ್ರತಿ ಕುದುರೆ ಗೆಲ್ಲೋ ಸಾಧ್ಯತೆ ಲೆಕ್ಕ ಹಾಕೋ ಪ್ರೋಗ್ರಾಂ ಬರೆದು ಕೋಟಿಗಟ್ಟಲೆ ಗೆದ್ರು. ಇವತ್ತು ಅಮೆರಿಕದಲ್ಲಿ ಇಂಥ ತಂಡಗಳು ಕಂಪ್ಯೂಟರನ್ನ ನೇರ ಟೋಟ್‌ಗೇ ಜೋಡಿಸಿ, ಗೇಟ್ ತೆಗೆಯೋ ಕೊನೇ ಕ್ಷಣದಲ್ಲಿ ಹಣ ಸುರೀತಾವೆ. ನೀವು ಒಂದಕ್ಕೆ ಎಂಟು ಅಂತ ನೋಡಿ ಕಟ್ಟಿರ್ತೀರ. ಕುದುರೆ ಓಡೋ ಹೊತ್ತಿಗೆ ಅದು ಒಂದಕ್ಕೆ ಐದಾಗಿರಬಹುದು. ದೊಡ್ಡ ಗಿರಾಕಿ ಅಂತ ಅವರಿಗೆ ರಿಬೇಟ್ ಬೇರೆ! ಕೊನೆಗೆ 2021ರಲ್ಲಿ ನ್ಯೂಯಾರ್ಕಿನ ರೇಸ್ ಸಂಸ್ಥೆಯೇ, ವಿನ್ ಬಾಜಿಯಲ್ಲಿ ಕೊನೆಯ ಎರಡು ನಿಮಿಷ ಇವರಿಗೆ ಬಾಗಿಲು ಹಾಕ್ತು.

4/5
"ಎಲ್ಲಾ ಡಿಜಿಟಲ್ ಆದ್ರೆ ಕಳ್ಳ ಬುಕ್ಕಿಗಳ ಆಟ ನಿಲ್ಲುತ್ತೆ, ಲೆಕ್ಕ ಸರಿಯಾಗಿ ಸಿಗುತ್ತೆ" ಅಂತೀರಾ? ಲೆಕ್ಕ ಸಿಗೋದು ಒಳ್ಳೇದೇ. ಆದ್ರೆ ಬೆಂಗಳೂರಿನ ರೇಸ್‌ಕೋರ್ಸ್‌ಗೆ ನಡ್ಕೊಂಡು ಹೋದವನಿಗೆ ಕ್ಯೂ ಇತ್ತು, ಕೌಂಟರ್ ಇತ್ತು, ಜೇಬಲ್ಲಿ ಇದ್ದಷ್ಟೇ ದುಡ್ಡಿತ್ತು. ಕ್ಯೂನಲ್ಲಿ ನಿಂತಾಗ "ಸಾಕು, ಮನೆಗೆ ಹೋಗೋಣ" ಅನ್ನಿಸೋಕೆ ಟೈಮ್ ಇತ್ತು. ಫೋನು ಕಿತ್ಕೊಳ್ಳೋದು ಆ ಟೈಮನ್ನೇ. ಇದರ ಮೇಲೆ ತೆರಿಗೆ: 2023ರ ಅಕ್ಟೋಬರಿಂದ ಕಟ್ಟಿದ ಪೂರ್ತಿ ಹಣಕ್ಕೆ 28% ಜಿಎಸ್‌ಟಿ, 2025ರ ಸೆಪ್ಟೆಂಬರಿಂದ 40%. ಸೋತ್ರೂ ಅದು ವಾಪಸ್ ಬರಲ್ಲ.

5/5
ನಿಜವಾಗ್ಲೂ ಆಧುನಿಕ ಮಾಡ್ಬೇಕಾ? ರಾಶಿಯಲ್ಲಿ ಕಂಪ್ಯೂಟರ್ ತಂಡಗಳ ಹಣ ಎಷ್ಟಿದೆ ಅಂತ ಬೋರ್ಡ್ ಮೇಲೆ ಹಾಕಿ. ಕೊನೇ ನಿಮಿಷಗಳಲ್ಲಿ ಅವರನ್ನ ಹೊರಗಿಡಿ. ಪ್ರತಿಯೊಬ್ಬನೂ ದಿನದ ಮಿತಿ ಮೊದಲೇ ಹಾಕ್ಕೊಂಡೇ ಆಡೋ ಹಾಗೆ ಮಾಡಿ. ನೂರು ವರ್ಷದ ಹಿಂದಿನ ಯಂತ್ರ ಜನರಿಗೆ ಲೆಕ್ಕ ತೋರಿಸ್ತಿತ್ತು. ಇವತ್ತಿನದು ನಮ್ಮ ಬೆರಳನ್ನ ಅವಸರ ಮಾಡಿಸುತ್ತೆ, ಅಷ್ಟೇ.

ಅಲ್ಲಿವರೆಗೂ ಪಾಕೆಟ್ ಮನಿನ ಕುದುರೆ ಬಾಲಕ್ಕೆ ಕಟ್ಟಬೇಡ್ರಪ್ಪಾ. "ಸ್ಕಿಲ್" ಅನ್ನೋ ಆ ಫ್ರೆಂಡನ್ನ ಇಲ್ಲೇ ಟ್ಯಾಗ್ ಮಾಡಿ. ಜಗಳ ಕಾಮೆಂಟಲ್ಲಿ ಆಡೋಣ, ಅದಕ್ಕೆ ದುಡ್ಡು ಬೇಕಾಗಿಲ್ಲ.

#ಕುದುರೆರೇಸ್ #ಯಾರಸ್ಕಿಲ್